ಕಾಳು ಅಳೆದವರು ಯಾರು

"ಬೇಜಾರು ಮಾಡ್ಕೋಬೇಡಿ, ಗುರುವಾರದವರೆಗೂ ಅಷ್ಟೇ," ಎನ್ನುತ್ತ ಮುರಳಿಮೋಹನ್ ಜಮಖಾನದ ಮೇಲೆ ಕೂತಿದ್ದವರ ಮುಂದೆ ಬಟ್ಟೆಯ ಕೈಚೀಲವೊಂದನ್ನು ಹಿಡಿದು ಬಂದ. ಕೆಂಪರಾಜು ತನ್ನ ಮೊಬೈಲನ್ನು ಚೀಲದೊಳಕ್ಕೆ ಹಾಕಿದ. ನಲ್ಲಪ್ಪನೂ ತನುಜಳೂ ಹಾಕಿದರು. ವೆಂಕಟರಾಮಪ್ಪನವರ ಬಳಿ ಮೊಬೈಲೇ ಇರಲಿಲ್ಲ; ಆದರೂ ಚೀಲ ತಮ್ಮ ಮುಂದೆ ಬಂದು ನಿಂತಿದ್ದಕ್ಕೆ ಅವರ ಮುಖ ಬಿಗಿಯಿತು. ಕದಿರಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಎಲೆ ಅಡಿಕೆ ಸಂಚಿಯನ್ನು ತೆಗೆದು ತೋರಿಸಿ, ಇದೊಂದೇ ನನ್ನ ಆಸ್ತಿ, ಇದನ್ನೂ ಇಸ್ಕೊಂತೀಯೇನಪ್ಪ ಎಂದಳು. ಕೊನೆಗೆ ಚೀಲ ಶಿರೀಷಾಳ ಮುಂದೆ ಬಂತು. ಅವಳು ಗಂಡನ ಮುಖ ನೋಡಿದಳು. ತನ್ನದನ್ನೂ ಹಾಕಬೇಕೋ ಬೇಡವೋ ತಿಳಿಯದೆ ಹಾಕಿಯೇಬಿಟ್ಟಳು. ಎಲ್ಲರೂ ನಕ್ಕರು. ಮುರಳಿಮೋಹನ್ ಕೂಡ ನಕ್ಕು, ಅವಳದನ್ನು ಮಾತ್ರ ಹುಡುಕಿ ತೆಗೆದು ವಾಪಸು ಕೊಟ್ಟ.

ಶಿರೀಷಾಳೂ ಸೇರಿ ಈ ಆರು ಮಂದಿಯೂ ಹುಣಸೆಕುಂಟೆ ಗ್ರಾಮ ಪಂಚಾಯತಿಯ ಸದಸ್ಯರು. ಒಟ್ಟು ಹನ್ನೊಂದು ಜನರ ಪಂಚಾಯತಿ ಅದು. ಎರಡನೇ ಅವಧಿಯ ಅಧ್ಯಕ್ಷ ಸ್ಥಾನ ಸಾಮಾನ್ಯ ಮಹಿಳೆಗೆ ಎಂದು ಆದೇಶ ಬಂದ ದಿನವೇ ಮುರಳಿಮೋಹನ್ ಹೆಂಡತಿಯ ಹೆಸರನ್ನು ಊರೆಲ್ಲ ಹೇಳಿಕೊಂಡು ಬಂದಿದ್ದ. ಎದುರು ಗುಂಪಿನವರು ಗಂಗುಲಮ್ಮನನ್ನು ನಿಲ್ಲಿಸುತ್ತಾರೆಂದು ಗೊತ್ತಾದ ಮೇಲೆ, ಗುರುವಾರದ ಚುನಾವಣೆಗೆ ಮೊದಲು ತನ್ನ ಕಡೆಯವರು ಅತ್ತ ಜಾರದಿರಲೆಂದು ಎಲ್ಲರನ್ನೂ ಟೆಂಪೋ ಟ್ರಾವೆಲರ್‌ನಲ್ಲಿ ಹತ್ತಿಸಿಕೊಂಡು ಹೊರಟಿದ್ದ. ಮೊದಲು ವಿದುರಾಶ್ವತ್ಥ. ಅಲ್ಲಿ ನಾಗರಕಲ್ಲುಗಳ ಮುಂದೆ ನಿಲ್ಲಿಸಿ ಆಣೆ ಮಾಡಿಸಬೇಕೆಂದಿದ್ದ. ವೆಂಕಟರಾಮಪ್ಪನವರು ಒಪ್ಪಲಿಲ್ಲ. "ಮಾತು ಕೊಟ್ಟಾಯ್ತಲ್ಲಯ್ಯ. ಅದರ ಮೇಲೆ ಆಣೆ ಬೇರೆ ಯಾಕೆ?" ಎಂದವರೇ ಚಪ್ಪಲಿ ಮೆಟ್ಟಿಕೊಂಡು ಹೋಗಿ ಗಾಡಿಯಲ್ಲಿ ಕೂತರು. ಆಣೆಯ ಮಾತು ಅಲ್ಲಿಗೇ ನಿಂತಿತು. ಅಲ್ಲಿಂದ ಮಂಚೇನಹಳ್ಳಿಯ ಹೊರವಲಯದಲ್ಲಿ ಸ್ನೇಹಿತನೊಬ್ಬ ಕಟ್ಟಿಸುತ್ತಿದ್ದ ಕಲ್ಯಾಣ ಮಂಟಪಕ್ಕೆ ಬಂದಿಳಿದರು. ಇನ್ನೂ ಒಂದು ಮದುವೆಯೂ ನಡೆಯದ ಮಂಟಪ. ಗೋಡೆಯ ಬಣ್ಣದ ವಾಸನೆ ಹೋಗಿರಲಿಲ್ಲ. ಗಂಡಸರಿಗೆ ವರನ ಕೋಣೆ, ಹೆಂಗಸರಿಗೆ ವಧುವಿನ ಕೋಣೆ ಎಂದು ಹಂಚಿಕೆಯಾಯಿತು.

ಶಿರೀಷಾ ಚಿಂತಾಮಣಿಯ ಹುಡುಗಿ. ತರಕಾರಿ ಮಂಡಿಯ ಹಿಂದಿನ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಒಟ್ಟೊಟ್ಟಿಗೆ ಕೇಳಿಕೊಂಡು ಬೆಳೆದವಳು. ತವರಿನಲ್ಲಿದ್ದಾಗ ಮಾತಿನ ಮಲ್ಲಿ ಎಂದೇ ಹೆಸರು. ಪಿಯುಸಿ ಮುಗಿಸಿ ಮದುವೆಯಾಗಿ ಹುಣಸೆಕುಂಟೆಗೆ ಬಂದ ಮೇಲೆ ಆ ಮಾತು ಎಲ್ಲಿ ಹೋಯಿತೋ ಅವಳಿಗೇ ತಿಳಿಯದು. ವಾರ್ಡು ಮಹಿಳೆಗೆ ಮೀಸಲಾದಾಗ ಅವಳ ಹೆಸರಿನಲ್ಲಿ ನಾಮಪತ್ರ ಹಾಕಿದವನು, ಮನೆಮನೆ ತಿರುಗಿದವನು, ಗೆದ್ದು ಪಟಾಕಿ ಹೊಡೆಸಿದವನು ಎಲ್ಲ ಮುರಳಿಮೋಹನನೇ. ಸಭೆಗೆ ಅವಳು ಒಳಗೆ ಹೋಗಿ ಕೂತರೆ ಅವನು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಅವಳ ಪಾಲಿಗೆ ಪಂಚಾಯತಿಯೆಂದರೆ ಇಸ್ತ್ರಿ ಮಾಡಿದ ಒಂದು ಸೀರೆ, ಒಂದು ಲೋಟ ಟೀ, ಒಂದು ರುಜು.

ಹಾಗೆಂದು ಅವನು ಕೆಟ್ಟವನಲ್ಲ. ಕುಡಿತವಿಲ್ಲ, ಕೈ ಎತ್ತಿದವನಲ್ಲ, ಮಗಳಿಗೆ ಜ್ವರ ಬಂದರೆ ರಾತ್ರಿಯೆಲ್ಲ ಹೆಗಲ ಮೇಲೆ ಹೊತ್ತು ತಿರುಗುವವನು. ಆದರೆ ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದ ಮೇಲೆ ಸುತ್ತಲ ಊರುಗಳ ಗಾಳಿಯೇ ಬದಲಾಗಿತ್ತು. ನಿನ್ನೆ ಮೊನ್ನೆ ರಾಗಿ ಬೆಳೆದಿದ್ದ ಹೊಲಗಳಲ್ಲಿ ಸುಣ್ಣ ಬಳಿದ ಸೈಟು ಕಲ್ಲುಗಳು ಮೊಳೆಯತೊಡಗಿದ್ದವು. ರೇಷ್ಮೆಗೂಡಿನ ವ್ಯಾಪಾರ ಬಿಟ್ಟು ಮುರಳಿಮೋಹನ್ ಕೂಡ ಆ ಕಡೆ ವಾಲಿದ. ಬೆಂಗಳೂರಿನ ಪಾಲುದಾರನೊಬ್ಬ ಸಿಕ್ಕಿದ. ಒಂದು ಸಂಜೆ ಅವರಿಬ್ಬರೂ ಹಜಾರದಲ್ಲಿ ಹರಡಿಕೊಂಡಿದ್ದ ನಕ್ಷೆಯನ್ನು ಶಿರೀಷಾ ಕಾಫಿ ಕೊಡುವಾಗ ಬಗ್ಗಿ ನೋಡಿದ್ದಳು. ಊರ ಕೆರೆಗೆ ನೀರು ತರುವ ಕಾಲುವೆ ಇದ್ದ ಜಾಗದಲ್ಲಿ ಅಗಲವಾದ ಒಂದು ರಸ್ತೆ ಬರೆದಿತ್ತು. ಪಾಲುದಾರ ಹೋದ ಮೇಲೆ ಆ ಬಗ್ಗೆ ಕೇಳಿದ್ದಕ್ಕೆ, ಅದರಲ್ಲಿ ನೀರು ಹರಿದು ಎಷ್ಟು ಕಾಲವಾಯ್ತು, ನೀನು ಅಧ್ಯಕ್ಷೆಯಾಗಿ ಒಂದು ರುಜು ಹಾಕು ಸಾಕು, ಮಿಕ್ಕಿದ್ದನ್ನು ನಾನು ನೋಡ್ಕೊಂತೀನಿ ಎಂದಿದ್ದ. ಅವಳು ಹೂಂ ಎಂದಿದ್ದಳು. ಅಂದಿನಿಂದ ಊಟಕ್ಕೆ ಕೂತರೆ ಅನ್ನ ಗಂಟಲಲ್ಲಿಯೇ ನಿಲ್ಲುತ್ತಿತ್ತು. ಬೆಳಗಿನ ಜಾವ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿರಬೇಕೆಂದು ಅತ್ತೆ ಮಜ್ಜಿಗೆ ಕುಡಿಸಿದ್ದರು.

ಮಂಟಪದಲ್ಲಿ ಎರಡನೆಯ ಮಧ್ಯಾಹ್ನ ಕರೆಂಟು ಹೋಯಿತು. ಟಿವಿ ನಿಂತಿತು. ಅವರೆಕಾಳಿನ ಸಾರು, ಮುದ್ದೆ ಉಂಡಿದ್ದ ಜನಕ್ಕೆ ಮಾಡಲು ಕೆಲಸವಿರಲಿಲ್ಲ, ಹೊರಗೆ ಹೋಗಲು ಅಪ್ಪಣೆಯಿರಲಿಲ್ಲ. ನಲ್ಲಪ್ಪ ಗೋಡೆಗೊರಗಿ ಗೊರಕೆ ಶುರುಮಾಡಿದ. ಕದಿರಮ್ಮ ಮನೆಯ ರೇಷ್ಮೆ ಹುಳುಗಳನ್ನು ನೆನೆದು ಪೇಚಾಡತೊಡಗಿದಳು. ಈ ಹೊತ್ತಿಗೆ ಪೊರೆ ಕಳಚುವ ಜ್ವರದಿಂದ ಎದ್ದಿರುತ್ತವೆ, ಹೊಸ ಪೊರೆ ಬಂದ ಹುಳಕ್ಕೆ ಹಸಿವು ಜಾಸ್ತಿ, ಸೊಸೆ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಿದಳೋ ಇಲ್ಲವೋ ಎಂದು. ಆಮೇಲೆ ತಾನೇ, ಸೊಪ್ಪು ಹಾಕುವ ರಾತ್ರಿಗಳಲ್ಲಿ ತೂಕಡಿಕೆ ಬರಬಾರದೆಂದು ಹುಳುಮನೆಯಲ್ಲಿ ಕಥೆ ಹೇಳುತ್ತಿದ್ದ ಸುದ್ದಿ ತೆಗೆದಳು. ಕೆಂಪರಾಜು ರೇಷ್ಮೆಗೂಡು ಸಾಗಿಸುವ ಲಗೇಜು ಆಟೋದವನು, ಸುಮ್ಮನೆ ಕೂತು ಅಭ್ಯಾಸವಿಲ್ಲದ ಯುವಕ. ಹಂಗಾದರೆ ಒಂದು ಹೇಳವ್ವ, ಹೊತ್ತು ಹೋಗಲಿ ಎಂದ.

ಕದಿರಮ್ಮ ಎಲೆಗೆ ಸುಣ್ಣ ಸವರಿಕೊಂಡು ಕಥೆ ಎತ್ತಿದಳು.

ಬೆಟ್ಟದ ಮೇಲೊಬ್ಬ ಪಾಳೇಗಾರ. ಸುಗ್ಗಿ ಮುಗಿದು ಅವನ ಕಣಜ ತುಂಬಿ ತುಳುಕುತ್ತಿದ್ದಾಗ ಯುದ್ಧಕ್ಕೆ ಕರೆ ಬಂತು. ಕಣಜಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಹೆಂಡತಿಯ ಸೊಂಟಕ್ಕೆ ಕಟ್ಟಿ, ಬಾಗಿಲಿಗೆ ಒಬ್ಬ ಕಾವಲುಗಾರನನ್ನು ನಿಲ್ಲಿಸಿ, ಊರವರನ್ನೆಲ್ಲ ಸೇರಿಸಿ ಹೇಳಿದ: ನಾನು ಬರುವವರೆಗೂ ಇದನ್ನು ತೆಗೆಯಕೂಡದು, ತೆಗೆದವರಿಗೆ ಈ ಊರಲ್ಲಿ ನಿಲ್ಲಲು ನೆಲವಿಲ್ಲ. ಅವನು ಹೋದ. ಮಳೆ ಬರಲಿಲ್ಲ. ಒಲೆಗಳು ಆರಿದವು. ಮಕ್ಕಳು ಅಳುವುದನ್ನೂ ಬಿಟ್ಟವು. ಒಂದು ದಿನ ಕುಂಬಾರಗಿತ್ತಿಯೊಬ್ಬಳು ಬಂದು ಪಾಳೇಗಾರನ ಹೆಂಡತಿಯ ಮುಂದೆ ನಿಂತಳು. ಏನನ್ನೂ ಕೇಳಲಿಲ್ಲ, ಸುಮ್ಮನೆ ನಿಂತಳು. ಹೆಂಡತಿ ಸೊಂಟದ ಬೀಗದ ಕೈ ಬಿಚ್ಚಿ ಅವಳ ಕೈಗೆ ಹಾಕಿದಳು. ಕಾವಲುಗಾರ ಟವಲು ಹಾಸಿಕೊಂಡು, ಕಣ್ಣು ಬಿಟ್ಟುಕೊಂಡೇ ಗೊರಕೆ ಹೊಡೆದ. ಕುಂಬಾರಗಿತ್ತಿ ಬೀಗ ತೆಗೆದಳು. ಊರು ಬದುಕಿಕೊಂಡಿತು.

ಪಾಳೇಗಾರ ಹಿಂದಿರುಗಿ ಬಂದು, ಯಾರು ತೆಗೆದಿದ್ದು ಎಂದ. ನಾನು ಕೊಟ್ಟೆ ಎಂದಳು ಹೆಂಡತಿ. ನಾನು ಬಿಟ್ಟೆ ಎಂದ ಕಾವಲುಗಾರ. ನಾನು ತೆಗೆದೆ ಎಂದಳು ಕುಂಬಾರಗಿತ್ತಿ. ಪಾಳೇಗಾರ ಬಹಳ ಹೊತ್ತು ನಿಂತ. ಆಮೇಲೆ, ತುಂಬಿದ ಕಣಜಕ್ಕೆ ಬೀಗ ಜಡಿದು ಹೋದವನೇ ಮೊದಲ ತಪ್ಪಿತಸ್ಥ, ನೆಲ ಇಲ್ಲದಿರುವುದು ನನಗೆ ಎಂದು ತಲೆಯ ಪೇಟ ತೆಗೆದು ಕಣಜದ ಮೆಟ್ಟಿಲ ಮೇಲಿಟ್ಟು ಬೆಟ್ಟ ಇಳಿದು ಹೋದ.

"ಪೇಟ ಅಲ್ಲೇ ಬಿದ್ದಿದೆ," ಎಂದು ಕದಿರಮ್ಮ ಜಮಖಾನದ ಮೇಲೆ ಬೆರಳಿಟ್ಟು ತೋರಿಸಿದಳು. "ಈಗ ಹೇಳ್ರಪ್ಪ, ಅದು ಯಾರ ತಲೆಗೆ?"

ಮಗನಿಗೆ ಹೆಣ್ಣು ನೋಡಲು ಹೋದಾಗಲೂ ಇದೇ ಕಥೆ ಹೇಳಿ ಇದೇ ಪ್ರಶ್ನೆ ಕೇಳಿದ್ದಳಂತೆ. ಹುಡುಗಿ, ಕಾವಲುಗಾರನಿಗೆ ಅಂದಳಂತೆ. ಮನೆಯಲ್ಲಿ ನಡೆಯೋದನ್ನು ಕಂಡೂ ಕಾಣದಂಗೆ ಇರೋ ಸೊಸೆ ಸಿಕ್ಕಿದಳು ಎಂದು ಕದಿರಮ್ಮ ಅಂದೇ ಎಲೆ ಅಡಿಕೆ ಬದಲಾಯಿಸಿ ಬಂದಳಂತೆ. ಎಲ್ಲರೂ ನಕ್ಕರು. ನಗು ನಿಂತ ಮೇಲೆ ವೆಂಕಟರಾಮಪ್ಪನವರು ಗಂಟಲು ಸರಿಮಾಡಿಕೊಂಡು, ಪಾಳೇಗಾರನನ್ನೇ ಹುಡುಕಿ ಕರೆತರಬೇಕು ಎಂದರು. ತಾನು ಆಡಿದ ಮಾತಿಗೆ ತಾನೇ ತಲೆಬಾಗಿದವನು, ಅಂಥವನನ್ನು ಬಿಟ್ಟರೆ ಪೇಟಕ್ಕೆ ಬೇರೆ ತಲೆ ಎಲ್ಲಿ ಸಿಗುತ್ತದೆ ಎನ್ನುವುದು ಅವರ ವಾದ. ಕೆಂಪರಾಜು ಒಪ್ಪಲಿಲ್ಲ. ಕುಂಬಾರಗಿತ್ತಿಗೇ ಸೇರಬೇಕು ಎಂದ. ಹೆಂಡತಿಗೆ ಗಂಡನ ಬಲವಿತ್ತು, ಕಾವಲುಗಾರನಿಗೆ ನಿದ್ದೆಯ ನೆಪವಿತ್ತು, ಅವಳಿಗೆ ಏನಿತ್ತು? ಹೆದರಿಕೊಂಡೇ ತೆಗೆದಳಲ್ಲ.

ಅಷ್ಟರಲ್ಲಿ ಮುರಳಿಮೋಹನ್ ಟೀ ಫ್ಲಾಸ್ಕು, ಖಾರಾಬೂಂದಿ ಪೊಟ್ಟಣ ಹಿಡಿದು ಒಳಗೆ ಬಂದ. ಅವನಿಗೂ ಕಥೆಯನ್ನು ಚುಟುಕಾಗಿ ಹೇಳಿ ಪ್ರಶ್ನೆ ಕೇಳಿದರು. ಅವನು ಯೋಚಿಸಲೇ ಇಲ್ಲ.

"ಹೆಂಡ್ತಿಗೆ. ಬೀಗದ ಕೈ ಯಾರ ಸೊಂಟದಲ್ಲಿರುತ್ತೋ ಪೇಟ ಅವರದ್ದೇ," ಎಂದು ಶಿರೀಷಾಳ ಕಡೆ ನೋಡಿ ನಕ್ಕ. "ಹೆಂಡ್ತಿ ಹತ್ರ ಇದ್ರೆ ಗಂಡನ ಹತ್ರ ಇದ್ದಂಗೆ ತಾನೆ. ಪೇಟ ಎಲ್ಲೂ ಹೋಗಲ್ಲ, ಮನೇಲೇ ಇರುತ್ತೆ."

ಎಲ್ಲರೂ ನಕ್ಕರು. ಶಿರೀಷಾಳೂ ನಕ್ಕಳು. ಕದಿರಮ್ಮ ಅವಳತ್ತ ತಿರುಗಿ, ನೀನು ಹೇಳಮ್ಮ ಎಂದಳು. ಶಿರೀಷಾ ಬಾಯಿ ತೆರೆದಳು. ಕಣ್ಣು ತಾನಾಗಿ ಗಂಡನ ಮುಖಕ್ಕೆ ಹೋಯಿತು. ನಂಗೊತ್ತಿಲ್ಲವ್ವ ಎಂದು ಲೋಟಗಳಿಗೆ ಟೀ ಬಗ್ಗಿಸತೊಡಗಿದಳು.

ಉಳಿದವಳು ತನುಜ. ಊರಾಚೆಯ ಕಾಲೋನಿಯಿಂದ ಗೆದ್ದವಳು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಬಿ.ಎ. ಮಾಡಿ ಅಂಗನವಾಡಿಯ ಕೆಲಸಕ್ಕೆ ಅರ್ಜಿ ಹಾಕಿ ಕಾದು ಸಾಕಾಗಿ ಚುನಾವಣೆಗೆ ನಿಂತಿದ್ದಳು. ಅವರ ಮನೆಯಲ್ಲಿ ಹಬ್ಬಕ್ಕೆ ಬದಲು ಬುದ್ಧ ಪೂರ್ಣಿಮೆಗೆ ಪಾಯಸ ಮಾಡುತ್ತಾರೆಂದು ಊರಲ್ಲಿ ಆಡಿಕೊಳ್ಳುತ್ತಿದ್ದರು. ಇಲ್ಲಿಗೆ ಬಂದ ಮೇಲೂ ಅವಳು ಜಮಖಾನದ ಅಂಚಿನಲ್ಲಿ ಕೂರುತ್ತಿದ್ದಳು. ಊಟವಾದ ಮೇಲೆ ತನ್ನ ತಟ್ಟೆಯನ್ನು ತಾನೇ ತೊಳೆದು ಬೇರೆ ಇಡುತ್ತಿದ್ದಳು. ಯಾರೂ ಹಾಗೆ ಮಾಡು ಎಂದಿರಲಿಲ್ಲ. ಬೇಡ ಎಂದೂ ಅಂದಿರಲಿಲ್ಲ.

"ಪೇಟದ ವಿಷಯ ಆಮೇಲಿರಲಿ ಕದಿರಮ್ಮನೋರೆ," ಎಂದಳು ತನುಜ. "ಕಾಳು ಅಳೆದವರು ಯಾರು?"

ಕದಿರಮ್ಮ ಎಲೆ ಜಗಿಯುವುದನ್ನು ನಿಲ್ಲಿಸಿದಳು.

"ಬೀಗ ತೆಗೆದ್ರು ಸರಿ. ಆಮೇಲೆ? ಬಲ ಇದ್ದೋರು ಮೂಟೆ ಹೊತ್ಕೊಂಡು ಹೋದ್ರಾ, ಇಲ್ಲ ಮನೆಗಿಷ್ಟು ಅಂತ ಅಳೆದು ಕೊಟ್ರಾ? ಊರಾಚೆ ಇರೋರಿಗೆ ಬಂತಾ? ಬಿತ್ತನೆಗೆ ಅಂತ ಒಂದಿಷ್ಟು ತೆಗೆದಿಟ್ರಾ?"

ಕದಿರಮ್ಮನಿಗೆ ಉತ್ತರ ಗೊತ್ತಿರಲಿಲ್ಲ. ಅವಳ ಅಜ್ಜಿ ಅದನ್ನು ಹೇಳಿರಲಿಲ್ಲ, ಇಷ್ಟು ಕಾಲ ಯಾರೂ ಕೇಳಿರಲೂ ಇಲ್ಲ. ನಂತರ ವೆಂಕಟರಾಮಪ್ಪನವರು, ಬಿತ್ತನೆ ಕಾಳು ಇಡದೆ ಹೋದರೆ ಮುಂದಿನ ಮಳೆಗೆ ಏನು ಗತಿ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಅಲ್ಲಿಂದ ಮಾತು ಎದ್ದಿತು. ಮನೆ ಲೆಕ್ಕವೋ ತಲೆ ಲೆಕ್ಕವೋ? ಬಸುರಿಯರಿಗೆ ಹೆಚ್ಚು ಬೇಡವೇ? ಯಾರ ಸೇರಿನಲ್ಲಿ ಅಳೆಯುವುದು, ಪಾಳೇಗಾರನ ಸೇರು ದೊಡ್ಡದಿದ್ದರೆ? ನಿಜವಾಗಿಯೂ ಆ ಕಣಜದ ಮುಂದೆ ನಿಂತವರ ಹಾಗೆ ವಾದಿಸಿದರು. ಕಣಜದಿಂದ ಮಾತು ಊರ ಕೊಳವೆಬಾವಿಗೆ ಬಂತು. ನೀರು ಬಿಡುವವನು ಮೊದಲು ದೊಡ್ಡ ಬೀದಿಯ ವಾಲ್ವು ತಿರುಗಿಸುತ್ತಾನೆ, ಕಾಲೋನಿಗೆ ಬರುವಷ್ಟರಲ್ಲಿ ಕರೆಂಟು ಹೋಗಿರುತ್ತದೆ ಎಂದು ತನುಜ ಹೇಳಿದಳು. ದೂರುವ ದನಿಯಲ್ಲ, ಇದ್ದದ್ದನ್ನು ಇದ್ದ ಹಾಗೆ. ವಾರದಲ್ಲಿ ಎರಡು ದಿನ ಮೊದಲು ಕಾಲೋನಿಯ ವಾಲ್ವು ತಿರುಗಿಸಿದರೆ ಯಾರಿಗೂ ಕಷ್ಟವಾಗುವುದಿಲ್ಲ ಎಂದಳು. ವೆಂಕಟರಾಮಪ್ಪನವರ ಮನೆ ದೊಡ್ಡ ಬೀದಿಯಲ್ಲಿತ್ತು. ಅವರು ಕೋಲನ್ನು ಹತ್ತಿರಕ್ಕೆಳೆದುಕೊಂಡರು. ಆದರೆ ಎದ್ದು ಹೋಗಲಿಲ್ಲ.

ಬೇಸರ ಬಂದು ಮುರಳಿಮೋಹನ್ ಆಗಲೇ ಹೊರಗೆ ಹೋಗಿದ್ದ.

ಮಾರನೆಯ ಬೆಳಿಗ್ಗೆ ಹಿತ್ತಿಲ ನಲ್ಲಿಯ ಬಳಿ ಶಿರೀಷಾ ಮುಖ ತೊಳೆಯುತ್ತಿದ್ದಳು. ತನುಜ ಕೊಡ ಹಿಡಿದು ತನ್ನ ಸರದಿಗೆ ಕಾಯುತ್ತಿದ್ದಳು. ಇಬ್ಬರೇ ಇದ್ದರು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಶಿರೀಷಾ, ನೀನೇ ಅಧ್ಯಕ್ಷೆ ಆಗಿದ್ದರೆ ಮೊದಲು ಏನು ಮಾಡುತ್ತಿದ್ದೆ ಎಂದು ಕೇಳಿದಳು. ತನುಜ ಅನುಮಾನದಿಂದ ಅವಳ ಮುಖ ನೋಡಿದಳು. ಇದು ಪರೀಕ್ಷೆಯೋ ತಮಾಷೆಯೋ ತಿಳಿಯಲಿಲ್ಲವೇನೋ. ಆದರೆ ಹೇಳತೊಡಗಿದ ಮೇಲೆ ತಡೆಯಲಿಲ್ಲ. ನೀರಿನ ಸರದಿ, ಶಾಲೆಯ ಹೆಣ್ಣುಮಕ್ಕಳಿಗೆ ಬಾಗಿಲಿರುವ ಶೌಚಾಲಯ, ಕೆರೆ ಕಾಲುವೆಯ ಹೂಳು. ಕಾಲುವೆಯ ಹೆಸರು ಕೇಳಿದ್ದೇ ಶಿರೀಷಾಳ ಕೈ ಸೆರಗಿನಲ್ಲೇ ನಿಂತಿತು.

"ಅದರಲ್ಲಿ ನೀರು ಬರಲ್ವಲ್ಲೇ?"

"ಮುಳ್ಳು ಬೆಳೆದು ಕಟ್ಕೊಂಡಿದೆ, ಅದಕ್ಕೆ ಬರಲ್ಲ ಅಕ್ಕ. ತೆಗೆಸಿದ್ರೆ ಬರುತ್ತೆ. ಹೋದ್ಸಲ ಜೋರು ಮಳೆ ಬಂದಾಗ ಅದೇ ನೀರು ನಮ್ಮ ಮನೆಗಳಿಗೆ ನುಗ್ಗಿತ್ತಲ್ಲ, ಅದು ಎಲ್ಲಿಗೆ ಹೋಗ್ಬೇಕು ಪಾಪ?"

ಅಂದೆಲ್ಲ ಶಿರೀಷಾ ತನ್ನನ್ನೇ ಅದೇ ಪ್ರಶ್ನೆ ಕೇಳಿಕೊಂಡಳು. ಅಧ್ಯಕ್ಷೆಯಾದರೆ ನಾನು ಮೊದಲು ಏನು ಮಾಡುತ್ತೇನೆ? ಎಷ್ಟು ತಡಕಿದರೂ ಗಂಡ ಬೆರಳಿಟ್ಟು ತೋರಿಸಿದ ಜಾಗದಲ್ಲಿ ರುಜು ಹಾಕುತ್ತಿರುವ ತನ್ನ ಕೈ ಬಿಟ್ಟು ಬೇರೇನೂ ಕಾಣಲಿಲ್ಲ.

ಗುರುವಾರ ಬೆಳಿಗ್ಗೆ ಗಾಡಿ ಹುಣಸೆಕುಂಟೆಗೆ ಹೊರಟಿತು. ಚಿಕ್ಕಬಳ್ಳಾಪುರ ದಾಟಿ, ಶಿಡ್ಲಘಟ್ಟದ ರಸ್ತೆ ಹಿಡಿದು, ದ್ರಾಕ್ಷಿ ತೋಟಗಳ ನಡುವೆ ಸಾಗುತ್ತಿರುವಾಗ ಶಿರೀಷಾ ಪಕ್ಕದಲ್ಲಿದ್ದ ಕದಿರಮ್ಮನ ಕಿವಿಯ ಬಳಿ ಬಗ್ಗಿದಳು. ಮುರಳಿಮೋಹನ್ ಮುಂದೆ ಡ್ರೈವರ್ ಪಕ್ಕ ಕೂತಿದ್ದ.

"ಅವ್ವ, ಪೇಟ ಯಾರಿಗೆ ಅಂತ ನಂಗೆ ಈಗ್ಲೂ ಗೊತ್ತಿಲ್ಲ. ಆದ್ರೆ ಆ ಹೆಂಡ್ತಿ ಬೀಗದ ಕೈ ಬಿಚ್ಚಿ ಕೊಟ್ಟ ದಿನ ಚೆನ್ನಾಗಿ ನಿದ್ದೆ ಮಾಡಿರ್ತಾಳೆ ಕಣವ್ವ."

ಕದಿರಮ್ಮ ಅವಳ ಮುಖವನ್ನು ಒಮ್ಮೆ ನೋಡಿದಳು. ಅವಳ ತೊಡೆಯ ಮೇಲೆ ಕೈಯಿಟ್ಟು ಕೂತಳು. ಊರು ಬರುವವರೆಗೂ ತೆಗೆಯಲಿಲ್ಲ.

ಪಂಚಾಯತಿ ಕಚೇರಿಯ ಮುಂದೆ ಜನ ಸೇರಿದ್ದರು. ಮುರಳಿಮೋಹನನ ಗೆಳೆಯರು ಹೂವಿನ ಹಾರ, ಪಟಾಕಿ ಸರ ತಂದು ಸಿದ್ಧವಾಗಿದ್ದರು. ಸದಸ್ಯರ ಹೊರತು ಯಾರೂ ಒಳಗೆ ಬರಕೂಡದೆಂದು ತಾಲ್ಲೂಕಿನಿಂದ ಬಂದಿದ್ದ ಚುನಾವಣಾಧಿಕಾರಿ ಕಟ್ಟುನಿಟ್ಟಾಗಿ ಹೇಳಿದರು. ಬಾಗಿಲಲ್ಲಿ ಕುರ್ಚಿಗೂ ಜಾಗವಿರಲಿಲ್ಲ. ಮುರಳಿಮೋಹನ್ ತುಂಬಿಟ್ಟಿದ್ದ ನಾಮಪತ್ರವನ್ನು ಹೆಂಡತಿಯ ಕೈಗಿಟ್ಟು, ಇದನ್ನ ಕೊಟ್ಟು ಸುಮ್ಮನೆ ಕೂತ್ಕೋ ಎಂದ. ಅವಳು ತಲೆಯಾಡಿಸಿ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಉದ್ದನೆಯ ಮೇಜಿನ ಆ ಕಡೆ ಐವರು, ಈ ಕಡೆ ಆರು ಮಂದಿ. ಎದುರು ಗುಂಪಿನ ಗಂಗುಲಮ್ಮ ತಲೆತಗ್ಗಿಸಿಕೊಂಡು ಬಳೆ ತಿರುಗಿಸುತ್ತಿದ್ದಳು. ಅವಳನ್ನು ನಿಲ್ಲಿಸಿದ್ದು ಮೈದುನ. ಅಧಿಕಾರಿ ಗಂಗುಲಮ್ಮನ ಪತ್ರ ಇಸಿದುಕೊಂಡು ಶಿರೀಷಾಳತ್ತ ಕೈ ಚಾಚಿದರು. ಅವಳು ತನ್ನದನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು.

"ಸಾರ್, ಬೇರೆ ಒಂದು ಖಾಲಿ ಫಾರಂ ಇದ್ರೆ ಕೊಡ್ತೀರಾ?"

ತುಂಬಿದ್ದು ತಪ್ಪಾಗಿರಬೇಕೆಂದುಕೊಂಡು ಅಧಿಕಾರಿ ಕೊಟ್ಟರು. ಶಿರೀಷಾ ಅದನ್ನು ತನುಜಳ ಮುಂದೆ ಸರಿಸಿದಳು. ಸೂಚಕರ ಜಾಗದಲ್ಲಿ ತಾನು ರುಜು ಹಾಕುವುದಾಗಿ ಮೆಲ್ಲಗೆ ಹೇಳಿದಳು. ತನುಜ ಪೆನ್ನು ಮುಟ್ಟಲಿಲ್ಲ.

"ಬೇಡ ಅಕ್ಕ. ನೀವು ಇವತ್ತು ಕೊಟ್ಟು ಮನೆಗೆ ಹೋಗ್ತೀರ. ನಾಳೆಯಿಂದ ನಮ್ಮ ಕೇರಿಯೋರು ಅನುಭವಿಸ್ಬೇಕಾಗುತ್ತೆ."

ಅವಳ ಕಣ್ಣು ವೆಂಕಟರಾಮಪ್ಪನವರ ಕಡೆ ಹೋಗಿತ್ತು. ಅವರು ಕೋಲಿನ ಮೇಲೆ ಎರಡೂ ಕೈಯಿಟ್ಟು, ಕಲ್ಲಿನ ಹಾಗೆ ಕೂತಿದ್ದರು. ಮುರಳಿಮೋಹನನಿಗೆ ಮಾತು ಕೊಟ್ಟವರು, ಆಡಿದ್ದನ್ನು ಬದಲಿಸುವವರಲ್ಲ ಎಂದು ಶಿರೀಷಾಳಿಗೆ ಗೊತ್ತಿತ್ತು. ಮೂರು ದಿನದ ಹಿಂದೆ ಆಗಿದ್ದರೆ ಅವರ ಎದುರು ದನಿಯೆತ್ತುವ ಧೈರ್ಯವಿರಲಿಲ್ಲ. ಈಗ ಅವಳು ಕುರ್ಚಿಯನ್ನು ಅವರತ್ತ ತಿರುಗಿಸಿಕೊಂಡಳು.

"ಮಾವ, ನೀವು ಮಾತು ಕೊಟ್ಟಿದ್ದು ನನ್ನ ಹೆಸರಿಗೆ ತಾನೆ? ನಾನೇ ನಿಮ್ಮನ್ನ ಕೇಳ್ಕೊಂತಿದೀನಿ. ಆ ಮಾತಿಂದ ನಿಮ್ಮನ್ನ ಬಿಡಿಸ್ತಿದೀನಿ. ನನ್ನ ಕೈಲಿ ಆಗಲ್ಲ ಮಾವ. ಇವಳ ಕೈಲಿ ಆಗುತ್ತೆ."

ಹೊರಗೆ ಯಾರೋ ಪಟಾಕಿಯೊಂದನ್ನು ಆಗಲೇ ಹಚ್ಚಿದರು, ಯಾರೋ ಗದರಿದರು. ವೆಂಕಟರಾಮಪ್ಪನವರು ಬಹಳ ಹೊತ್ತು ಕಿಟಕಿಯತ್ತ ನೋಡಿದರು.

"ಮಾತು ಕೊಟ್ಟೋನು ಬಿಡಿಸ್ಕೊಳ್ಳೋ ಹಂಗಿಲ್ಲ," ಎಂದರು ಕೊನೆಗೆ. "ಇಸ್ಕೊಂಡೋರು ಬಿಡಿಸಿದ್ರೆ ಅದು ಬೇರೆ." ಕೋಲನ್ನು ಗೋಡೆಗೆ ಒರಗಿಸಿ, "ಆ ಹುಡುಗಿ ಬಿತ್ತನೆ ಕಾಳು ಕೇಳ್ತು. ನನ್ನ ಮಕ್ಕಳು ಒಬ್ಬರೂ ಕೇಳಲಿಲ್ಲ. ಎಲ್ಲಯ್ಯ ಆ ಪೆನ್ನು," ಎಂದು ಅನುಮೋದಕರ ಜಾಗದಲ್ಲಿ ನಿಧಾನಕ್ಕೆ, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಅದನ್ನು ನೋಡಿದ ಮೇಲೆ ತನುಜ ಪೆನ್ನು ಹಿಡಿದಳು.

ಚೀಟಿ ಹಾಕಿ ಮತ ಎಣಿಸಿದಾಗ ತನುಜಳಿಗೆ ಏಳು, ಗಂಗುಲಮ್ಮನಿಗೆ ನಾಲ್ಕು. ಎದುರು ಕಡೆಯ ಐವರಲ್ಲಿ ಒಬ್ಬರದು ಇತ್ತ ಬಂದಿತ್ತು. ಅವರ ಗುಂಪಿನ ನರಸಿಂಹಪ್ಪ ಪಕ್ಕದವನ ಮುಖ ನೋಡಿದ, ಪಕ್ಕದವನು ಅವನ ಪಕ್ಕದವನ ಮುಖ ನೋಡಿದ. ನಲ್ಲಪ್ಪ, ಎಲ್ಲ ಆಯ್ತಾ ಎಂದು ಕೇಳಿ ಟವಲು ಕೊಡವಿಕೊಂಡು ಎದ್ದ. ಸೋತ ಗಂಗುಲಮ್ಮ ಮಾತ್ರ ಸೆರಗಿನಿಂದ ಕತ್ತು ಒರೆಸಿಕೊಂಡು ದೊಡ್ಡದಾಗಿ ಉಸಿರು ಬಿಟ್ಟಳು. ಹೊರಗೆ ಹೋಗುವಾಗ ಶಿರೀಷಾಳ ಮುಂಗೈ ಹಿಡಿದು ಅಮುಕಿ, "ನಂಗೂ ಸಾಕಾಗಿತ್ತು ಕಣೇ," ಎಂದು ಯಾರಿಗೂ ಕೇಳದ ಹಾಗೆ ಹೇಳಿ ಸರಸರನೆ ನಡೆದುಬಿಟ್ಟಳು.

ಹೊರಗೆ ಮುರಳಿಮೋಹನ್ ಮೊದಲು ನಂಬಲಿಲ್ಲ. ಅಧಿಕಾರಿಯನ್ನು ಎರಡು ಸಲ ಕೇಳಿದ. ಆಮೇಲೆ ಹೆಂಡತಿಯ ಕಡೆ ನೋಡಿದ. ಅಷ್ಟು ಜನರ ನಡುವೆ ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ತನ್ನ ಮನೆಯ ದಾರಿಯೇ ಮರೆತು ಹೋದವನಂಥ ದಿಗಿಲಿತ್ತು. ಬೈಕು ಹತ್ತಿ ಹೊರಟುಹೋದ. ಶಿರೀಷಾ ಕದಿರಮ್ಮನ ಜೊತೆ ನಡೆದು ಮನೆಗೆ ಬಂದಳು.

ಅವನು ಹಜಾರದ ಮಂಚದ ಮೇಲೆ ಕೂತಿದ್ದ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಶಿರೀಷಾ ಬಂದು ಅವನ ಎದುರಿಗೆ ನೆಲದ ಮೇಲೆ ಕೂತಳು. ಯಾಕೆ ಹೀಗೆ ಮಾಡಿದೆ, ಮೊದಲೇ ಒಂದು ಮಾತು ಹೇಳಬಾರದಿತ್ತಾ ಎಂದು ಕೇಳಿದ. ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದವಳಿಗೆ ಆ ಕುಗ್ಗಿದ ದನಿಯೇ ಕಷ್ಟವಾಯಿತು.

"ಹೇಳಿದ್ರೆ ನೀವು ಒಪ್ಪಿಸ್ಬಿಡ್ತಿದ್ರಿ. ನಂಗೆ ಹೆದರಿಕೆ ಇದ್ದಿದ್ದು ನಿಮ್ಮ ಮೇಲಲ್ಲ ರೀ, ನನ್ನ ಮೇಲೆ. ನೀವು ಎಲ್ಲಿ ತೋರಿಸಿದ್ರೆ ಅಲ್ಲಿ ರುಜು ಹಾಕ್ಬಿಡ್ತಿದ್ದೆ. ಆಮೇಲೆ ಕಾಲುವೆ ನೀರು ಯಾರ ಮನೆಗಾದ್ರೂ ನುಗ್ಗಿದ್ರೆ ಮುಖ ಎತ್ಕೊಂಡು ಹೆಂಗ್ ಓಡಾಡ್ಲಿ?"

ಪಾಲುದಾರನಿಗೆ ಏನು ಹೇಳಲಿ ಎಂದು ಅವನು ಗೊಣಗಿದ. ಹೆಂಡತಿ ಮಾತು ಕೇಳಲಿಲ್ಲ ಅಂತ ಹೇಳಿ, ನಿಮ್ಮದೇನೂ ತಪ್ಪಿಲ್ಲವಲ್ಲ ಎಂದಳು ಅವಳು. ಅಷ್ಟರಲ್ಲಿ ಫೋನು ಬಂತು. ಅವನು ಎದ್ದು ಹಿತ್ತಿಲಿಗೆ ಹೋದ. ಮೊದಲು ಗಟ್ಟಿಯಾಗಿ, ಸಾರ್ ಸಾರ್ ಎಂದು ಸಮಜಾಯಿಷಿ ಕೊಡುವುದು ಕೇಳಿಸಿತು. ನಡುವೆ ಅವನು ಅತ್ತಿಂದಿತ್ತ ಓಡಾಡುವ ಚಪ್ಪಲಿಯ ಸದ್ದು. ಕೊನೆಗೆ, ಇಲ್ಲ ಸಾರ್, ಅದು ಇನ್ನು ಆಗಲ್ಲ, ಊರಿನ ಕೆರೆ ಸಾರ್ ಅದು ಎಂದ. ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಆಶ್ಚರ್ಯಪಟ್ಟವನ ಹಾಗೆ ಇನ್ನೊಂದು ಸಲ ಹೇಳಿದ. ಒಳಗೆ ಬಂದು ಫೋನನ್ನು ಗೂಡಿನಲ್ಲಿಟ್ಟು, ಮುಖ ತಿರುಗಿಸಿಕೊಂಡೇ, ತಿನ್ನೋಕೆ ಏನಾದ್ರೂ ಇದೆಯಾ ಎಂದು ಕೇಳಿದ. ಬೆಳಗಿನ ಮುದ್ದೆ ತಣ್ಣಗಾಗಿತ್ತು. ಶಿರೀಷಾ ಸಾರು ಬಿಸಿಮಾಡಿ ಬಡಿಸಿದಳು. ತನಗೂ ಒಂದು ತಟ್ಟೆ ಹಾಕಿಕೊಂಡು ಪಕ್ಕದಲ್ಲೇ ಕೂತಳು. ಇಬ್ಬರೂ ಉಂಡರು. ಎರಡನೆಯ ಮುದ್ದೆಗೆ ಕೈ ಹಾಕಿದಾಗ ಅವಳಿಗೆ ಅರಿವಾಯಿತು, ಮೊದಲನೆಯದು ಎಲ್ಲೂ ನಿಲ್ಲದೆ ಇಳಿದಿತ್ತು.

ಸಂಜೆ ಹಸು ಕರೆದು ಹಾಲಿನ ಕ್ಯಾನು ಹಿಡಿದು ಶಿರೀಷಾ ತಾನೇ ಡೈರಿಗೆ ಹೊರಟಳು. ಬೀದಿಯಲ್ಲಿ ಕೆಲವರು ನೋಡಿ ಪಿಸುಗುಟ್ಟಿದರು, ಕೆಲವರು ಊಟ ಆಯ್ತಾ ಎಂದರು. ಡೈರಿಯ ಮುಂದೆ ಸಾಲು ಉದ್ದವಿತ್ತು. ಸಾಲಿನ ಕೊನೆಯಲ್ಲಿ, ಬೆಳಗಿನ ಅದೇ ಸೀರೆಯಲ್ಲಿ, ಭಾರದ ಕ್ಯಾನನ್ನು ಕೈಯಿಂದ ಕೈಗೆ ಬದಲಾಯಿಸಿಕೊಳ್ಳುತ್ತ ತನುಜ ನಿಂತಿದ್ದಳು. ಒಳಗಿನಿಂದ ಸೆಕ್ರೆಟರಿ ಕತ್ತು ಚಾಚಿ, ಅಧ್ಯಕ್ಷರು ಮುಂದೆ ಬರಬಹುದು ಎಂದ, ಅರ್ಧ ತಮಾಷೆ ಅರ್ಧ ನಿಜ. ತನುಜ ಬೇಡವೆಂದು ತಲೆಯಾಡಿಸಿ ಅಲ್ಲೇ ನಿಂತಳು. ಶಿರೀಷಾ ಹೋಗಿ ಅವಳ ಹಿಂದೆ ನಿಂತಳು.

ಸಾಲು ನಿಧಾನವಾಗಿ ಸರಿಯಿತು. ಹುಲ್ಲಿನ ವಾಸನೆ, ಸಗಣಿಯ ವಾಸನೆ, ಹಸಿ ಹಾಲಿನ ವಾಸನೆ. ತನುಜಳ ಸರದಿ ಬಂತು. ಸೆಕ್ರೆಟರಿ ಅವಳ ಹಾಲನ್ನು ಅಳೆದು ದೊಡ್ಡ ಕ್ಯಾನಿಗೆ ಸುರಿದ. ಅದರ ಹಿಂದೆಯೇ ಶಿರೀಷಾಳದನ್ನು ಅಳೆದು ಅದೇ ಕ್ಯಾನಿಗೆ ಸುರಿದ. ನೊರೆ ಅಂಚಿನವರೆಗೂ ಏರಿ ಬಂದು, ಸಣ್ಣಗೆ ಸದ್ದು ಮಾಡುತ್ತ, ಮೆಲ್ಲಗೆ ಕೂತಿತು.